ಹಮಾಲಿ ಚಿನ್ನಪ್ಪನ ಊಟದ ಮಾತು

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಚಿನ್ನಪ್ಪನನ್ನು ಅರಿಯದ ಹಮಾಲಿ ಇರಲಿಲ್ಲ. ಚೀಲ ಹೊರುವುದರಲ್ಲಿ ಅವನಿಗಿಂತ ಗಟ್ಟಿಗರು ಬೇಕಾದಷ್ಟು ಜನ ಇದ್ದರು. ಅವನ ಹೆಸರು ನಿಂತದ್ದು ಊಟದ ಮಾತಿಗೆ. ಮಧ್ಯಾಹ್ನ ಗಿರಣಿಯ ಸದ್ದು ಅಡಗಿ, ಎಲ್ಲರೂ ತಲೆಯ ಮೇಲಿನ ತೌಡು ಕೊಡವಿಕೊಂಡು ಗೋದಾಮಿನ ನೆರಳಿಗೆ ಬಂದು ಕೂತರೆ ಸಾಕು, ಚಿನ್ನಪ್ಪ ತನ್ನ ಬುತ್ತಿ ಬಿಚ್ಚುವ ಮೊದಲೇ ಉಳಿದವರನ್ನು ವಿಚಾರಿಸುತ್ತಿದ್ದ.

"ಏನ್ ಕಟ್ಯಾರಲೇ ಇವತ್ತು ನಿಮ್ಮನ್ಯಾಗ?"

"ಏನೈತಿ, ಅದೇ ರೊಟ್ಟಿ ಪಲ್ಯ" ಎಂದರೆ ಅವನಿಗೆ ಸಾಲುತ್ತಿರಲಿಲ್ಲ.

"ಎಂಥಾ ಪಲ್ಯ? ಪುಂಡಿಪಲ್ಯನೋ, ಚವಳಿಕಾಯೋ? ಪುಂಡಿಪಲ್ಯಕ್ಕ ನುಚ್ಚು ಹಾಕ್ಯಾಳೋ, ಬ್ಯಾಳಿ ಹಾಕ್ಯಾಳೋ? ಬೆಳ್ಳುಳ್ಳಿ ಜಜ್ಜಿ ಹಾಕ್ಯಾಳೋ ಇಲ್ಲೋ?"

ಅವನ ಜೊತೆಯಲ್ಲೇ ಲಾರಿಗೆ ಚೀಲ ಏರಿಸುತ್ತಿದ್ದ ದುರುಗಣ್ಣ ನಗುತ್ತಿದ್ದ. "ಲೇ ಚಿನ್ನ, ನೀ ಉಣ್ಣಾಕ ಬಂದೀಯೋ, ಪಂಚನಾಮೆ ಮಾಡಾಕ ಬಂದೀಯೋ?"

ಚಿನ್ನಪ್ಪನಿಗೆ ಬೇಸರವಾಗುತ್ತಿರಲಿಲ್ಲ. ತನ್ನ ಡಬ್ಬಿ ತೆಗೆದು, ಹೆಂಡತಿ ಉಚ್ಚೆಂಗೆಮ್ಮ ಬೆಳಿಗ್ಗೆ ಏನೇನು ಮಾಡಿದಳು, ಬದನೆಕಾಯಿಗೆ ಗುರೆಳ್ಳು ಪುಡಿ ಎಷ್ಟು ತುಂಬಿದಳು, ರೊಟ್ಟಿ ಹೇಗೆ ಉಬ್ಬಿತು ಎಂದು ಒಂದೂ ಬಿಡದೆ ಹೇಳುತ್ತಿದ್ದ. ಹೇಳಿದ ಮೇಲೆ ಸುತ್ತ ಕೂತವರ ಡಬ್ಬಿಯ ಮುಚ್ಚಳಕ್ಕೆ ಒಂದೊಂದು ತುತ್ತು ಹಾಕುತ್ತಿದ್ದ. ತನಗೆ ಕಡಿಮೆಯಾದರೂ ಹಾಗೆಯೇ.

ಅವನ ಈ ಚಟದ ಬೇರು ಅದೇ ತಾಲ್ಲೂಕಿನ ಕರೂರು ಎಂಬ ಹಳ್ಳಿಯಲ್ಲಿತ್ತು. ಅವನು ಹುಟ್ಟಿ ಬೆಳೆದದ್ದು ಅಲ್ಲಿಯ ಕೇರಿಯಲ್ಲಿ. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳಿದ್ದವು. ಆ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ಅವನ ತಾಯಿ ಪಾರಮ್ಮನ ಮನೆಯಲ್ಲಿ ಮಾತ್ರ ಅನ್ನ ಕಾಣುವುದು ಅಪರೂಪ. ಊರೊಳಗಿನ ಕಟ್ಟೆಯ ಮುಂದೆ ಹಾದು ಹೋಗುವಾಗ ಯಾರಾದರೂ ಕೂಗಿ ಕೇಳುತ್ತಿದ್ದರು: "ಏನ್ ತಿಂದ್ರಲೇ ಇವತ್ತು?" ಕೇಳಿದವರು ಉತ್ತರಕ್ಕೆ ಮೊದಲೇ ನಗುತ್ತಿದ್ದರು. ಪಾರಮ್ಮ ಮಗನಿಗೆ ಕಲಿಸಿದ್ದಳು: "ಯಾರ್ ಕೇಳಿದ್ರೂ ಅನ್ನ ಸಾರು ಅನ್ನು. ಗಂಜಿ ಅನಬ್ಯಾಡ. ಬಾಡು ಅಂತೂ ಬಾಯಿ ಬಿಡಬ್ಯಾಡ." ಮನೆಯಲ್ಲಿ ಬಾಡು ಬೆಂದ ದಿನ ಅವಳು ಬಾಗಿಲು ಹಾಕಿ, ಬಾಗಿಲ ಸಂದಿಗೆ ಗೋಣಿಚೀಲ ಸೇರಿಸುತ್ತಿದ್ದಳು. ಕತ್ತಲಲ್ಲಿ ಅವಸರವಾಗಿ ತಿಂದು, ಬಾಯಿ ತೊಳೆದು ಹೊರಗೆ ಬಂದು, ಅನ್ನ ಸಾರು ಎನ್ನಬೇಕು.

ದೊಡ್ಡವನಾಗಿ ಸಿರುಗುಪ್ಪಕ್ಕೆ ಬಂದು ತನ್ನ ಬೆವರಿನಲ್ಲಿ ಉಣ್ಣತೊಡಗಿದ ಮೇಲೆ ಚಿನ್ನಪ್ಪ ಉಂಡದ್ದನ್ನು ಉಂಡೆ ಎಂದು ಕೂಗಿ ಹೇಳಲು ಶುರು ಮಾಡಿದ. ದೇಶನೂರಿನಿಂದ ಬಂದ ಉಚ್ಚೆಂಗೆಮ್ಮನ ಕೈ ಅಡುಗೆಗೆ ಒಳ್ಳೆಯ ಕೈ. ಒಲೆಯ ಮೇಲೆ ಒಣಮೀನು ಸುಡುವ ದಿನ ಅವನು ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು, ಹೊಸ್ತಿಲ ಮೇಲೆ ಕೂತು, ಓಣಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತಿದ್ದ. "ಬರ್ರಿ, ಒಂದ್ ತುತ್ತು ಉಣ್ಣಾಕ ಬರ್ರಿ." ಉಚ್ಚೆಂಗೆಮ್ಮ ಒಳಗಿನಿಂದ, "ಇರೋದೇ ಇಷ್ಟು, ಊರಿಗೆಲ್ಲಾ ಕರೀತಿ" ಎಂದು ಗೊಣಗುತ್ತ ಇನ್ನೊಂದು ಮೀನು ಕೆಂಡಕ್ಕೆ ಇಡುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ನಂದಿನಿ. ಡಿ.ಫಾರ್ಮಸಿ ಓದಿ ಬಳ್ಳಾರಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸತ್ಯನಾರಾಯಣಪೇಟೆಯ ಹಳೆಯ ಮನೆಯೊಂದರ ಹಿಂಭಾಗದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಚಿನ್ನಪ್ಪ ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಮಗಳಿಗೆ ಫೋನು ಹಚ್ಚುತ್ತಿದ್ದ.

"ಏನ್ ಉಂಡಿ ಯವ್ವಾ ಇವತ್ತು?"

"ಚಿತ್ರಾನ್ನ ಮಾಡಿಕೊಂಡಿದ್ದೆ ಯಪ್ಪಾ."

"ಶೇಂಗಾ ಹಾಕಿದ್ದ್ಯೋ ಇಲ್ಲೋ? ಯಾಕ ಪಿಸುಗುಡ್ತಿ? ಜೋರ್ ಹೇಳು."

"ಮಾಲಕ್ರ ಕಿಟಕಿ ಇಲ್ಲೇ ಐತಿ."

ಮಾಲೀಕರ ಮನೆಯ ಸರೋಜಮ್ಮನವರು ಮನೆ ಕೊಡುವ ದಿನವೇ ಕೇಳಿದ್ದರು, ನಿಮ್ಮಲ್ಲಿ ಏನೇನು ತಿನ್ನುತ್ತೀರಿ ಎಂದು. ಅದಕ್ಕೂ ಮೊದಲು ಆರೇಳು ಮನೆಗಳ ಬಾಗಿಲಿಂದ ಹಿಂದೆ ಬಂದಿದ್ದ ನಂದಿನಿ, "ನಾವು ಏನೂ ತಿನ್ನಂಗಿಲ್ಲ ಆಂಟಿ" ಎಂದುಬಿಟ್ಟಿದ್ದಳು. ಅಂದಿನಿಂದ ದಿನವೂ ಬೆಳಿಗ್ಗೆ ಸರೋಜಮ್ಮ ತುಳಸಿಗೆ ನೀರು ಹಾಕುತ್ತ, "ಇವತ್ತೇನ್ ಅಡಿಗಿ ನಂದಿನಿ?" ಎಂದು ಕೇಳುತ್ತಿದ್ದರು. ಮಾತು ಸಿಹಿಯಾಗಿಯೇ ಇರುತ್ತಿತ್ತು. ನಂದಿನಿ ದಿನಕ್ಕೊಂದು ಸೊಪ್ಪಿನ ಹೆಸರು ಹೇಳಿ ಬೇಗ ಒಳಗೆ ಹೋಗುತ್ತಿದ್ದಳು.

ಚಿನ್ನಪ್ಪನಿಗೆ ಇದು ಗೊತ್ತಾದ ದಿನ ಅವನು ಫೋನಿನಲ್ಲಿ ಊಟ ವಿಚಾರಿಸಲಿಲ್ಲ. "ನಿಮ್ಮ ಅಜ್ಜಿನೂ ಹಿಂಗ ಹೇಳಿಕೊಡ್ತಿದ್ಲು" ಎಂದಷ್ಟೇ ಹೇಳಿದ.

ಬಾಯೊಳಗೆ ಎಡಗೆನ್ನೆಗೆ ಹುಣ್ಣಾಗಿದೆ ಎಂದು ಅವನಿಗೆ ಮೊದಲು ತಿಳಿದದ್ದು ಖಾರದಿಂದ. ಕೆಂಪು ಚಟ್ನಿ ತಾಗಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಹಮಾಲಿಗಳೆಲ್ಲರ ಹಾಗೆ ಅವನೂ ಅದೇ ಕೆನ್ನೆಯೊಳಗೆ ಸುಣ್ಣ ತಿಕ್ಕಿದ ತಂಬಾಕು ಇಡುತ್ತಿದ್ದ; ಚೀಲದ ಭಾರ ಅದರಿಂದ ಹಗುರಾಗುತ್ತದೆ ಎಂಬ ನಂಬಿಕೆ. "ಉಷ್ಣ ಆಗೈತಿ" ಎಂದು ಮಜ್ಜಿಗೆ ಕುಡಿದ. ನಂದಿನಿ ಅಂಗಡಿಯಿಂದ ಮುಲಾಮು ಕಳಿಸಿದಳು. ಹಚ್ಚಿದಾಗ ಉರಿ ತಗ್ಗುತ್ತಿತ್ತು, ಹುಣ್ಣು ಹೋಗಲಿಲ್ಲ. ಬರಬರುತ್ತ ಬಾಯಿ ಅಗಲ ತೆರೆಯಲು ಬಾರದಾಯಿತು. ರೊಟ್ಟಿಯ ತುತ್ತು ಸಣ್ಣದು ಮಾಡಿದ, ಆಮೇಲೆ ಸಾರಿನಲ್ಲಿ ನೆನೆಸಿದ, ಆಮೇಲೆ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಬಂದ. ಉಚ್ಚೆಂಗೆಮ್ಮ ಆಸ್ಪತ್ರೆ ಎಂದರೆ, "ಸುಗ್ಗಿ ಮುಗೀಲಿ" ಎನ್ನುತ್ತಿದ್ದ. ಗಿರಣಿಗೆ ಲಾರಿಗಳು ಸಾಲು ಹಿಡಿದು ನಿಂತ ಕಾಲ ಅದು.

ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು. ಚಿನ್ನಪ್ಪ ಯಾರನ್ನೂ ಏನೂ ಕೇಳಲಿಲ್ಲ. ಗೋಡೆಗೆ ಒರಗಿ ಕೂತು ಅನ್ನವನ್ನು ಬೆರಳಲ್ಲಿ ಹಿಸುಕುತ್ತಿದ್ದ. ದುರುಗಣ್ಣ ಅವನನ್ನೇ ನೋಡಿದ. ತನ್ನ ಡಬ್ಬಿ ಹಾಗೇ ಮುಚ್ಚಿ, ಗೋದಾಮಿನ ಆಚೆಗೆ ಹೋಗಿ ನಂದಿನಿಗೆ ಫೋನು ಮಾಡಿದ. "ಯವ್ವಾ, ನಿಮ್ಮಪ್ಪ ಇವತ್ತು ಊಟದ ಮಾತಾಡಲಿಲ್ಲ. ನೀ ಬಾ."

ನಂದಿನಿ ಮರುದಿನವೇ ಬಂದಳು. ಅಪ್ಪನನ್ನು ಬಾಗಿಲ ಬೆಳಕಿಗೆ ಕೂಡಿಸಿ, ಮೊಬೈಲಿನ ಟಾರ್ಚ್ ಹಿಡಿದು ಬಾಯೊಳಗೆ ನೋಡಿದಳು. ನೋಡಿದವಳು ಟಾರ್ಚ್ ಆರಿಸಿ, ಎದ್ದು, ಅಪ್ಪನ ಅಂಗಿಗಳನ್ನು ಚೀಲಕ್ಕೆ ತುಂಬತೊಡಗಿದಳು. "ನಡಿ ಯಪ್ಪಾ, ಬಳ್ಳಾರಿಗೆ ಹೋಗೋಣ" ಎಂದಳು. ಮುಲಾಮು ಕಳಿಸುತ್ತ ಕಳೆದ ತಿಂಗಳುಗಳನ್ನು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ದವಡೆಯ ಮೂಳೆಗೆ ಇಳಿದಿತ್ತು, ಕುತ್ತಿಗೆಯಲ್ಲೂ ಗಂಟು ಕಟ್ಟಿತ್ತು. ಕೊಯ್ದು ತೆಗೆಯುವ ಹಂತ ದಾಟಿದೆ, ಕರೆಂಟ್ ಕೊಟ್ಟು ನೋಡೋಣ ಎಂದರು ಡಾಕ್ಟರು. ವಿಕಿರಣ ಚಿಕಿತ್ಸೆಗೆ ಜನ ಹಾಗೆಯೇ ಅನ್ನುತ್ತಾರೆ. ವಾರಗಟ್ಟಲೆ, ತಪ್ಪದೆ, ದಿನಾ ಬರಬೇಕು. ಸಿರುಗುಪ್ಪದಿಂದ ಓಡಾಡಿದರೆ ದೇಹ ತಡೆಯುವುದಿಲ್ಲವೆಂದು ಗಂಡ ಹೆಂಡತಿ ನಂದಿನಿಯ ಎರಡು ಕೋಣೆಯಲ್ಲೇ ಉಳಿದರು. ಸರೋಜಮ್ಮ ಒಂದು ದಿನ ಬಂದು ಚಿನ್ನಪ್ಪನನ್ನು ನೋಡಿ, "ದೇವರಿದ್ದಾನ, ಎಲ್ಲಾ ಆರಾಮ ಆಗತೈತಿ" ಎಂದು ಬಾಳೆಹಣ್ಣು ಕೊಟ್ಟು ಹೋದರು.

ಚಿಕಿತ್ಸೆ ಶುರುವಾದ ಸ್ವಲ್ಪ ದಿನಕ್ಕೇ ಬಾಯೆಲ್ಲ ಸುಟ್ಟಂತಾಗಿ ನೀರು ಕೂಡ ಇಳಿಯದಾಯಿತು. ಆಸ್ಪತ್ರೆಯಲ್ಲಿ ಅವನ ಮೂಗಿನ ಮೂಲಕ ಹೊಟ್ಟೆಗೆ ಒಂದು ಸಣ್ಣ ಪೈಪು ಹಾಕಿ ಕಳಿಸಿದರು. ಉಚ್ಚೆಂಗೆಮ್ಮ ಅನ್ನ, ಬೇಳೆ, ಸೊಪ್ಪು ಎಲ್ಲವನ್ನೂ ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ದೊಡ್ಡ ಸಿರಿಂಜಿನಿಂದ ಪೈಪಿಗೆ ಬಿಡುತ್ತಿದ್ದಳು. ಏನು ಹಾಕಿದರೂ ಕೊನೆಗೆ ಒಂದೇ ಬಣ್ಣ, ಮಣ್ಣುನೀರಿನ ಬಣ್ಣ. ಹೊಟ್ಟೆ ತಣ್ಣಗಾಯಿತೋ ಬೆಚ್ಚಗಾಯಿತೋ ಎನ್ನುವುದು ಬಿಟ್ಟರೆ ಚಿನ್ನಪ್ಪನಿಗೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೆ ಆಮೇಲೆ ಒಂದು ತೇಗು ಬರುತ್ತಿತ್ತು. ಅವನು ಅದಕ್ಕಾಗಿ ಕಣ್ಣು ಮುಚ್ಚಿ ಕಾಯುತ್ತಿದ್ದ. ತೇಗು ಬಂದ ಕೂಡಲೇ, ತೊದಲುವ ನಾಲಗೆಯಲ್ಲಿ, "ಬೆಳ್ಳುಳ್ಳಿ" ಎನ್ನುತ್ತಿದ್ದ. ಇಲ್ಲವೇ, "ಮೆಂತ್ಯೆ ಹಾಕೀಯಲ್ಲ?" ಎನ್ನುತ್ತಿದ್ದ. ಅವನ ಮಾತು ಉಚ್ಚೆಂಗೆಮ್ಮನ ಹೊರತು ಬೇರೆಯವರಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ಗಂಡ ಹೀಗಿರುವಾಗ ಅವನೆದುರು ತಟ್ಟೆ ಹಿಡಿದು ಕೂರಲು ಅವಳಿಗೆ ಮನಸ್ಸು ಬರಲಿಲ್ಲ. ತಾಯಿ ಮಗಳು ಇಬ್ಬರೂ ಬಚ್ಚಲಮನೆಯ ಗೋಡೆಯ ಮರೆಯಲ್ಲಿ, ನಿಂತುಕೊಂಡು, ಸದ್ದಾಗದಂತೆ ಉಣ್ಣತೊಡಗಿದರು. ಒಂದು ಮಧ್ಯಾಹ್ನ ಉಚ್ಚೆಂಗೆಮ್ಮ ಸೆರಗಿಗೆ ಕೈ ಒರೆಸುತ್ತ ಒಳಗೆ ಬಂದಾಗ ಚಿನ್ನಪ್ಪ ಅವಳ ಕೈ ಹಿಡಿದು ಮೂಗಿನ ಹತ್ತಿರ ಒಯ್ದ.

"ಉಂಡಿ?"

"ಇಲ್ಲ. ಹಸಿವಿಲ್ಲ ನನಗ."

"ಸುಳ್ಳು. ಶೇಂಗಾ ಚಟ್ನಿ ವಾಸನಿ ಐತಿ." ಅವನ ಕಣ್ಣಲ್ಲಿ ಸಿಟ್ಟಿತ್ತು. "ಕಳ್ಳರಂಗ ಯಾಕ ಉಣ್ತೀರಿ? ನಾ ಇನ್ನೂ ಸತ್ತಿಲ್ಲ. ನನ್ನ ಮುಂದ ಕುಂತು ಉಣ್ರಿ. ಏನೈತಿ ಅಂತ ಹೇಳ್ರಿ."

ಅಂದಿನಿಂದ ಅವಳು ಅವನ ಮಂಚದ ಎದುರಿಗೇ ಕೂತು ಉಣ್ಣತೊಡಗಿದಳು. ಪ್ರತಿ ತುತ್ತಿಗೂ ಏನೆಂದು ಹೇಳಬೇಕು. ಹೀರೇಕಾಯಿ ಎಳೆಯದೋ ಬಲಿತದ್ದೋ, ಉಪ್ಪು ಸರಿಯಾಗಿದೆಯೋ ಹೇಳಬೇಕು. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಅವಳು ನುಂಗುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ಅವಳಿಗೆ ಗದ್ದೆಯಲ್ಲಿ ದಿನವಿಡೀ ಬಗ್ಗಿದಷ್ಟು ದಣಿವಾಗಿರುತ್ತಿತ್ತು.

ವಾರಗಳು ಕಳೆದಂತೆ ತೇಗಿನಲ್ಲೂ ಏನೂ ಬಾರದಾಯಿತು. ಕರೆಂಟ್ ಅವನ ರುಚಿಯನ್ನೂ ವಾಸನೆಯನ್ನೂ ಸುಟ್ಟಿತ್ತು. ಬೆಳ್ಳುಳ್ಳಿ ಹಾಕಿದರೂ ಬೂದಿ, ಮೆಂತ್ಯೆ ಹಾಕಿದರೂ ಬೂದಿ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದ. ಆಸ್ಪತ್ರೆಗೆ ಹೊರಡು ಎಂದರೆ ಎದ್ದು ಬರುತ್ತಿದ್ದ, ಬಂದು ಮತ್ತೆ ಗೋಡೆ ನೋಡುತ್ತಿದ್ದ. ಒಂದು ಬೆಳಿಗ್ಗೆ, ನಂದಿನಿ ಕೆಲಸಕ್ಕೆ ಹೋದ ಮೇಲೆ, ಹೆಂಡತಿಯನ್ನು ಕರೆದ.

"ಒಣಮೀನು ಸುಡು."

ಉಚ್ಚೆಂಗೆಮ್ಮನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೆ ಹೇಳಿದ. "ತಿನ್ನಾಕಲ್ಲ. ಅದರ ವಾಸನಿ ಆದ್ರೂ ಬರ್ತೈತೇನೋ ನೋಡೋಣ. ಅದೂ ಬರಲಿಲ್ಲ ಅಂದ್ರ ಇನ್ನ ಏನೂ ಬರಂಗಿಲ್ಲ."

"ಇಲ್ಲಿ ಹೆಂಗ ಸುಡ್ಲಿ? ಮಾಲಕ್ರು ಇದಾರ. ನಂದಿನಿ ಏನಂದಾಳು?"

ಅವನು ಮತ್ತೆ ಕೇಳಲಿಲ್ಲ. ಗೋಡೆಯ ಕಡೆಗೆ ತಿರುಗಿದ. ಉಚ್ಚೆಂಗೆಮ್ಮ ಸ್ವಲ್ಪ ಹೊತ್ತು ಅವನ ಬೆನ್ನು ನೋಡುತ್ತ ಕೂತಳು. ಹಮಾಲಿಯ ಬೆನ್ನು ಅದು, ಈಗ ಎಲುಬು ಎಣಿಸಬಹುದಿತ್ತು. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮಾರ್ಕೆಟ್ಟಿಗೆ ಹೋಗಿ, ಕಾಗದದಲ್ಲಿ ಕಟ್ಟಿಸಿಕೊಂಡ ಒಣಮೀನನ್ನು ಸೆರಗಿನಡಿ ಇಟ್ಟುಕೊಂಡು ಬಂದಳು. ಕಿಟಕಿ ಮುಚ್ಚಿದಳು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದಳು. ಗ್ಯಾಸ್ ಒಲೆಯ ಮೇಲೆ ಹಂಚಿಟ್ಟು, ಗಂಡನನ್ನು ಎಬ್ಬಿಸಿ ತಂದು ಒಲೆಯ ಪಕ್ಕ ಕೂಡಿಸಿದಳು.

ಮೀನು ಹಂಚಿಗೆ ಬಿದ್ದು ಚಟಪಟ ಎಂದಿತು. ಹೊಗೆ ಎದ್ದಿತು. ಚಿನ್ನಪ್ಪ ಮುಂದಕ್ಕೆ ಬಗ್ಗಿ, ಪೈಪಿಲ್ಲದ ಮೂಗಿನ ಹೊಳ್ಳೆಯಿಂದ ಎಳೆದುಕೊಂಡ. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡ. ಅವನ ಕಣ್ಣು ಅಗಲವಾದವು.

"ಬಂತು" ಎಂದ.

ಆಗಲೇ ಬಾಗಿಲು ಬಡಿದ ಸದ್ದಾಯಿತು. ಉಚ್ಚೆಂಗೆಮ್ಮ ಒಲೆ ಆರಿಸಿ ಬಾಗಿಲು ತೆರೆದಳು. ಸರೋಜಮ್ಮ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಅವರ ನೋಟ ಹಂಚಿನ ಮೇಲೆ, ಆಮೇಲೆ ಮೂಗಿನಲ್ಲಿ ಪೈಪು ಇಟ್ಟುಕೊಂಡು ಒಲೆಯ ಹತ್ತಿರ ಕೂತ ಮನುಷ್ಯನ ಮೇಲೆ ಬಿತ್ತು.

"ಏನ್ರೀ ಇದು? ನಂದಿನಿ ನಮಗ ಹೇಳಿದ್ದೇ ಬ್ಯಾರೆ."

"ಅಮ್ಮಾರೆ, ನಮ್ಮ ಮನ್ಯಾತ ತಿನ್ನಂಗಿಲ್ರಿ. ತಿನ್ನಾಕ ಬಾಯೇ ಇಲ್ರಿ ಆತಗ. ಬರೇ ವಾಸನಿ ಕೇಳಿದ."

"ತಿನ್ನದಿದ್ರೂ ಸುಟ್ಟೀರಲ್ಲ" ಎಂದರು ಸರೋಜಮ್ಮ. ಹಿಂದೆ ತಿರುಗಿ ಹೋದರು. ಅವರ ಬಾಗಿಲು ಮುಚ್ಚಿದ್ದೂ, ಕಿಟಕಿಗಳು ಒಂದೊಂದಾಗಿ ಮುಚ್ಚಿದ್ದೂ ಕೇಳಿಸಿತು.

ಸಂಜೆ ನಂದಿನಿ ಬರುವಾಗ ಅವರು ಅಂಗಳದಲ್ಲೇ ಅವಳನ್ನು ನಿಲ್ಲಿಸಿದರು. ಕೂಗಾಡಲಿಲ್ಲ. ನಮ್ಮ ಅಳಿಯ ಬರುವವನಿದ್ದಾನೆ, ತಿಂಗಳ ಕೊನೆಗೆ ಮನೆ ಬಿಟ್ಟುಕೊಡು ಎಂದರು. ನಂದಿನಿ ಒಳಗೆ ಬಂದು ಬ್ಯಾಗನ್ನು ನೆಲಕ್ಕೆ ಎಸೆದಳು.

"ಯವ್ವಾ, ನಿನಗೇನ್ ತಲಿ ಕೆಟ್ಟೈತಾ? ಎಷ್ಟ್ ಮನಿ ತಿರುಗಿ ಇದನ್ನ ಹಿಡಿದಿದ್ದೆ ಗೊತ್ತೈತಾ? ಇಷ್ಟ್ ದಿನ ತತ್ತಿ ಸೈತ ತಂದಿಲ್ಲ ನಾನು. ಕರೆಂಟ್ ಮುಗಿಯೋತನಕ ತಡಕೊಳ್ಳಾಕ ಆಗಲಿಲ್ಲ ನಿನಗ? ಈಗ ಅಪ್ಪನ್ನ ಎಲ್ಲಿ ಇಡ್ಲಿ?"

ಉಚ್ಚೆಂಗೆಮ್ಮ ತಲೆ ತಗ್ಗಿಸಿದಳು. ಮಂಚದ ಮೇಲಿಂದ ಚಿನ್ನಪ್ಪ ಕೈ ಎತ್ತಿ ಏನೋ ತೊದಲಿದ. ನಂದಿನಿಗೆ ತಿಳಿಯದೆ ತಾಯಿಯ ಮುಖ ನೋಡಿದಳು. ಉಚ್ಚೆಂಗೆಮ್ಮ ಹೇಳಲಿಲ್ಲ. ಅವನು ಹೇಳಿದ್ದು, "ಆಕಿಗೆ ಅನಬ್ಯಾಡ, ಕೇಳಿದಾತ ನಾನು" ಎಂದು.

ನಂದಿನಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಮನೆ ಹುಡುಕಿದಳು. ಕೆಲವರು ಜಾತಿ ಕೇಳಿದರು. ಕೇಳದವರು ಕಾಯಿಲೆಯವನು ಜೊತೆಗಿದ್ದಾನೆ ಎಂದಾಗ ಹಿಂದೆ ಸರಿದರು. ಆ ರೋಗ ಗಾಳಿಯಿಂದ ಹಬ್ಬುತ್ತದೆ ಎಂದು ಅಂದುಕೊಂಡವರೂ ಇದ್ದರು. ತಿಂಗಳು ಮುಗಿಯಿತು. ನಂದಿನಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದಳು. ಗಂಡ ಹೆಂಡತಿ ಸಿರುಗುಪ್ಪಕ್ಕೆ ಮರಳಿ, ಅಲ್ಲಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಓಡಾಡತೊಡಗಿದರು.

ಬೇಸಿಗೆ ನೆತ್ತಿಗೇರಿತ್ತು. ಬಳ್ಳಾರಿಯ ಬಿಸಿಲು ಆರೋಗ್ಯವಂತನನ್ನೇ ಬಾಡಿಸುತ್ತದೆ. ಬಸ್ಸಿನ ಕುಲುಕಾಟಕ್ಕೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು, ಸುಟ್ಟ ಬಾಯಲ್ಲಿ ಹಾದು, ಅವನನ್ನು ಅರೆಜೀವ ಮಾಡುತ್ತಿತ್ತು. ಒಂದು ದಿನ ಕೆಮ್ಮಿದಾಗ ಪೈಪೇ ಹೊರಗೆ ಬಂತು. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಒಬ್ಬ ಮುದುಕಿ ಮಾತ್ರ ತನ್ನ ನೀರಿನ ಬಾಟಲಿಯನ್ನು ಉಚ್ಚೆಂಗೆಮ್ಮನ ಕೈಗೆ ಕೊಟ್ಟು, ಅವನ ಎದೆ ಒರೆಸಲು ನೆರವಾದಳು. ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸು ಬಂದು ನಿಂತಿತು. ಚಿನ್ನಪ್ಪ ಕಲ್ಲುಬೆಂಚಿನಿಂದ ಏಳಲಿಲ್ಲ.

"ಏಳು, ಬಸ್ ಬಿಡ್ತಾನ" ಎಂದಳು ಉಚ್ಚೆಂಗೆಮ್ಮ.

ಅವನು ತಲೆ ಅಲ್ಲಾಡಿಸಿದ. ಅವಳು ಕೈ ಹಿಡಿದು ಎಳೆದಳು, ಬೇಡಿಕೊಂಡಳು, ಕೊನೆಗೆ ಬೈದಳು. ಬಸ್ಸು ಹೋಯಿತು. ಇಬ್ಬರೂ ಬಹಳ ಹೊತ್ತು ಆ ಬೆಂಚಿನ ಮೇಲೆಯೇ ಕೂತಿದ್ದು, ಬಿಸಿಲು ಏರುವ ಮುನ್ನ ನಡೆದುಕೊಂಡು ಮನೆಗೆ ಬಂದರು. ನಂದಿನಿ ಬಂದು ಅತ್ತಳು, ಡಾಕ್ಟರು ಫೋನಿನಲ್ಲಿ ಗದರಿಸಿದರು. ಆಟೋ ಮಾಡಿಕೊಂಡು ಹೋಗೋಣ ಎಂದರೂ ಅವನು ಒಪ್ಪಲಿಲ್ಲ. ಪೈಪನ್ನು ಮಾತ್ರ ಊರಿನ ಆಸ್ಪತ್ರೆಯಲ್ಲಿ ಮತ್ತೆ ಹಾಕಿಸಿಕೊಂಡ.

ಗಿರಣಿಯ ಹಮಾಲಿಗಳು ಸಂಜೆ ಹೊತ್ತು ಬಂದು ಹೊರಗಿನ ಕಟ್ಟೆಯ ಮೇಲೆ ಅವನ ಜೊತೆ ಕೂರುತ್ತಿದ್ದರು. ದುರುಗಣ್ಣ ತಪ್ಪದೆ ಬರುತ್ತಿದ್ದ. ಚಿನ್ನಪ್ಪ ಅವನನ್ನು ಕೈಸನ್ನೆಯಲ್ಲೇ ಕೇಳಿದ, ಏನು ಉಂಡೆ ಎಂದು. ದುರುಗಣ್ಣ ನೆಲ ನೋಡುತ್ತ, "ಏನೈತಿ ಬಿಡು, ಅನ್ನ ಸಾರು" ಎಂದ. ಚಿನ್ನಪ್ಪನಿಗೆ ಎಷ್ಟು ಸಿಟ್ಟು ಬಂತೆಂದರೆ ಪಕ್ಕದಲ್ಲಿದ್ದ ಚೊಂಬನ್ನು ತಳ್ಳಿಬಿಟ್ಟ. ನೀರು ಕಟ್ಟೆಯ ಮೇಲೆಲ್ಲ ಹರಿಯಿತು. ದುರುಗಣ್ಣ ಹೆಗಲ ಟವೆಲಿನಿಂದ ನೀರು ಒರೆಸಿ, ಚೊಂಬನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಶುರು ಮಾಡಿದ.

"ಬೆಳಿಗ್ಗೆ ಉಗ್ಗಾನಿ ತಿಂದೆ ಲೇ, ಆ ಮೂಲಿ ಅಂಗಡ್ಯಾಗ. ಮಂಡಕ್ಕಿ ಭಾಳ ನೆನಸಿದ್ದಿಲ್ಲ. ಮಿರ್ಚಿ ಬಿಸಿ ಇತ್ತು, ಒಳಗ ಜೀರಿಗಿ ಹಾಕಿದ್ದ. ಮಧ್ಯಾಹ್ನಕ್ಕ ನಮ್ಮಾಕಿ ಅಲಸಂದಿ ಕಾಳು ಕುದಿಸಿ ಕಟ್ಟಿದ್ಲು..."

ಚಿನ್ನಪ್ಪ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಇದು ನಡೆದುಕೊಂಡು ಬಂತು. ಬಂದವರೆಲ್ಲ ಉಂಡದ್ದನ್ನು ಹೇಳಿ ಹೋಗುತ್ತಿದ್ದರು. ಹೇಳಲು ಏನಾದರೂ ಇರಲಿ ಎಂದು ಕೆಲವರು ಹೆಂಡತಿಯರಿಗೆ ಹೇಳಿ ಏನಾದರೂ ಹೊಸದು ಮಾಡಿಸುತ್ತಿದ್ದರಂತೆ. ಉಚ್ಚೆಂಗೆಮ್ಮ ಬಾಗಿಲ ಒಳಗೆ ಕೂತು ಕೇಳುತ್ತಿದ್ದಳು. ಗಂಡನ ಕುತ್ತಿಗೆಯ ಗಂಟು ಒಡೆದು ಕೀವಾಗಿತ್ತು. ಅದನ್ನು ತೊಳೆದು ಬಟ್ಟೆ ಕಟ್ಟುವುದು, ಹೊಲಸು ವಾಸನೆಗೆ ಊದುಬತ್ತಿ ಹಚ್ಚುವುದು ಅವಳ ದಿನದ ಕೆಲಸವಾಗಿತ್ತು. ಅಷ್ಟಾದರೂ ಬಂದವರು ಯಾರೂ ಮೂಗು ಮುಚ್ಚಲಿಲ್ಲ.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೆ ಕರೂರಿನಿಂದ ಪಾರಮ್ಮ ಬಂದಳು. ಬೆನ್ನು ಪೂರಾ ಬಾಗಿದ ಮುದುಕಿ. ಮಗನ ಮುಖ ನೋಡಿ ಅವಳು ಅಳಲಿಲ್ಲ. ಗೋಡೆಗೆ ಒರಗಿ ಕೂತವಳು ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. "ಮಗ ಉಣ್ಣಲಾರದ ಮನ್ಯಾಗ ನನಗ ಹೆಂಗ ಇಳೀತೈತಿ?" ಎಂದಳು. ಚಿನ್ನಪ್ಪ ಸನ್ನೆ ಮಾಡಿ ತಾಯಿಯನ್ನು ತನ್ನೆದುರು ಕೂಡಿಸಿ, ತಟ್ಟೆ ಹಾಕಿಸಿದ. ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.

ಪಾರಮ್ಮ ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯನ್ನು ಮೆಲ್ಲತೊಡಗಿದಳು. "ಹೇಳು" ಎಂಬಂತೆ ಅವನು ಗದ್ದ ಎತ್ತಿದ.

"ರೊಟ್ಟಿ ಮೆತ್ತಗದಾವಪ್ಪ" ಎಂದಳು ಪಾರಮ್ಮ. "ಪಲ್ಯ ಹುಳಿ ಐತಿ. ಚಲೋ ಹುಳಿ. ಖಾರ ಹದ ಹಾಕ್ಯಾಳ ನಿನ್ನ ಹೇಣ್ತಿ." ಕಣ್ಣೀರು ಅವಳ ಕೆನ್ನೆಯ ಸುಕ್ಕುಗಳಲ್ಲಿ ಇಳಿದು ಬಾಯಿಗೆ ಬರುತ್ತಿತ್ತು. ಅದನ್ನೂ ಸೇರಿಸಿ ನುಂಗುತ್ತಿದ್ದಳು. ಚಿನ್ನಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೈ ಅಡ್ಡ ಹಿಡಿದು, ಸಾಕು ಎಂದು ಸನ್ನೆ ಮಾಡಿ, ಮುಖ ತಿರುಗಿಸಿದ.

ಅವತ್ತು ಸಂಜೆ ದುರುಗಣ್ಣ ಬಂದು, "ಇವತ್ತೇನ್ ಉಂಡೆ ಗೊತ್ತೇನಲೇ" ಎಂದು ಶುರು ಮಾಡಿದಾಗಲೂ ಅದೇ ಸನ್ನೆ. ಉಚ್ಚೆಂಗೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಅವನಿಗೆ ಇನ್ನು ಕೇಳುವ ಹಸಿವೂ ಇಲ್ಲ ಎಂಬುದು ಅವಳಿಗೆ ತಿಳಿದುಹೋಯಿತು. ಆಮೇಲೆ ಆ ಮನೆಯಲ್ಲಿ ಯಾರೂ ಊಟದ ಮಾತು ಎತ್ತಲಿಲ್ಲ. ಚಿನ್ನಪ್ಪ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಗಿನ ಹೊತ್ತು, ಉಚ್ಚೆಂಗೆಮ್ಮ ಪೈಪಿಗೆ ಹಾಲು ಬಿಡಲೆಂದು ತಲೆ ಎತ್ತಿ ಹಿಡಿದಾಗ, ಜೀವ ಹೋಗಿತ್ತು. ಹಮಾಲಿಗಳು ಆ ದಿನ ಗಿರಣಿಗೆ ಹೋಗದೆ ಅವನನ್ನು ಹೊತ್ತರು.

ಕಾರ್ಯವೆಲ್ಲ ಮುಗಿದ ಮೇಲೆ ತಾಯಿ ಮಗಳ ನಡುವೆ ಮಾತು ಕಡಿಮೆಯಾಯಿತು. ನಂದಿನಿ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಚಿಕಿತ್ಸೆ ಪೂರ್ತಿಯಾಗಿದ್ದರೆ ಎಂದು ಬಂದವರು ಯಾರಾದರೂ ಅಂದರೆ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಉಚ್ಚೆಂಗೆಮ್ಮ ಅವಳ ಬೆನ್ನು ನೋಡುತ್ತಿದ್ದಳು. ನಂದಿನಿ ಬಳ್ಳಾರಿಗೆ ಮರಳಿದಳು, ಉಚ್ಚೆಂಗೆಮ್ಮ ಅತ್ತೆಯ ಜೊತೆ ಕರೂರಿಗೆ ಹೋಗಿ ಕಳೆ ತೆಗೆಯುವ ಕೂಲಿಗೆ ಸೇರಿಕೊಂಡಳು. ಪಾರಮ್ಮ ಆ ವರ್ಷದ ಹೊಸ ಅಕ್ಕಿ ಕಾಣಲಿಲ್ಲ. ಮಗನ ಹಿಂದೆಯೇ ಹೋದಳು.

ಅಜ್ಜಿಯ ಮಣ್ಣಿಗೆ ಬಂದ ನಂದಿನಿ ತಾಯಿಯನ್ನು ಒಬ್ಬಳನ್ನೇ ಬಿಡಲಿಲ್ಲ. ಅವಳಿಗೆ ಆಗಷ್ಟೇ ಕುರುಗೋಡಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮನೆ ಕೇಳುವಾಗ ಅವಳು ಯಾವ ಸುಳ್ಳನ್ನೂ ಹೇಳಲಿಲ್ಲ. ಅದಕ್ಕೇ ಸಿಕ್ಕದ್ದು ಊರ ಅಂಚಿನ ತಗಡಿನ ಮನೆ. ಮಾಲೀಕಳು ಎರ್ರಮ್ಮ ಎಂಬ ತೆಲುಗು ಮನೆಮಾತಿನ ಹೆಂಗಸು, ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಕೆಂದಳು.

ಅಲ್ಲಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ತಾಯಿ ಮಗಳು ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಎರ್ರಮ್ಮ ತಂದುಹಾಕಿದ ಕೂಲಿ ಕೆಲಸ ಅದು. ನಂದಿನಿ ತಲೆ ಎತ್ತದೆ ಹೇಳಿದಳು.

"ಯವ್ವಾ, ಮೊನ್ನಿ ಬಳ್ಳಾರಿಗೆ ಹೋಗಿದ್ದೆ. ಆ ಡಾಕ್ಟರ್‌ನ ಕಂಡೆ. ಅಪ್ಪನ ರೋಗ ಅಷ್ಟೊತ್ತಿಗೇ ಪುಪ್ಪುಸಕ್ಕ ಹೋಗಿತ್ತಂತ. ಕರೆಂಟ್ ಪೂರಾ ಕೊಡಿಸಿದ್ರೂ ಉಳೀತಿರಲಿಲ್ಲಂತ. ಅವತ್ತು ನೀ ಮೀನು ಸುಟ್ಟಿದ್ದಕ್ಕೂ ಅಪ್ಪ ಹೋಗಿದ್ದಕ್ಕೂ ಸಂಬಂಧ ಇಲ್ಲ."

ಉಚ್ಚೆಂಗೆಮ್ಮನ ಕೈ ನಿಂತಿತು. ಮಗಳ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು.

"ಡಾಕ್ಟರ್ ಹೇಳಿದ್ದನ್ನ ಹೇಳಾಕತ್ತಿಯೋ, ನನ್ನ ಸಮಾಧಾನಕ್ಕ ಹೇಳಾಕತ್ತಿಯೋ?"

ನಂದಿನಿ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದಳು. ಖಾರದ ಘಾಟಿಗೆ ಕೆಮ್ಮು ಬಂದು, ಎದ್ದು ಒಳಗೆ ಹೋಗಿ ನೀರು ಕುಡಿದಳು. ತಾಯಿಗೂ ಒಂದು ಚೊಂಬು ತಂದು ಪಕ್ಕದಲ್ಲಿಟ್ಟಳು. ಉಚ್ಚೆಂಗೆಮ್ಮ ಮತ್ತೆ ಕೇಳಲಿಲ್ಲ. ಬಿಸಿಲು ಅಂಗಳಕ್ಕೆ ಬಂದಾಗ ಇಬ್ಬರೂ ಚೀಲವನ್ನು ಗೋಡೆಯ ನೆರಳಿಗೆ ಎಳೆದುಕೊಂಡು, ಉಳಿದ ಕಾಯಿ ಬಿಡಿಸಲು ಕೂತರು.